ಹನ್ನೊಂದು ಆವರ್ತ

ನನ್ನ ಕೆಲಸ ಹಾಳೆ ತಿರುವುವುದು, ಅಷ್ಟೇ.
ಪಿಯಾನೋದ ಎಡಕ್ಕೆ, ಒಂದು ಮೊಳ ಹಿಂದೆ ಕುಳಿತು
ಕೊರಾಂತಿನ್ ಗೋಣು ಹಾಕಿದಾಗ ಏಳುವುದು,
ಮೇಲಿನ ಮೂಲೆ ಹಿಡಿದು ಸದ್ದಾಗದ ಹಾಗೆ ಮಗುಚುವುದು,
ಮತ್ತೆ ಕೂರುವುದು.
ಉಂಗುರ ಬಾರದು, ಅತ್ತರು ಬಾರದು, ಕೆಮ್ಮಂತೂ ಕೂಡದು.
ಹಗಲೆಲ್ಲ ಔಷಧಿ ಅಂಗಡಿಯಲ್ಲಿ
ಊರಿನ ಕೆಮ್ಮಿಗೆ ಮದ್ದು ಕೊಡುವವಳು ನಾನೇ.

ಊರು ಮೊರ್ಲೇ. ನೆತ್ತಿಯ ಮೇಲೆ ರೈಲುಸೇತುವೆ.
ಸಭಾಂಗಣ ಹೊಗೆಸೊಪ್ಪಿನ ಕಾರ್ಖಾನೆಯ ಹಳೇ ಉಗ್ರಾಣ;
ಥಂಡಿ ಹಿಡಿದ ದಿನ ಗೋಡೆಯಿಂದ ಈಗಲೂ ನಶ್ಯದ ಘಾಟು.
ನವೆಂಬರಿನ ಗುರುವಾರ. ನಲವತ್ತೇಳು ಜನ.
ಎಣಿಸಿದ್ದೇನೆ. ವೇದಿಕೆಯ ಮೇಲೆ
ಅದಕ್ಕೆ ಬಿಡುವಿರುವುದು ನನಗೊಬ್ಬಳಿಗೆ.

ಅವತ್ತಿನದು ಒಂದು ತ್ರಯ: ಪಿಟೀಲು, ಚೆಲ್ಲೋ, ಪಿಯಾನೋ.
ಬರೆದವನಿಗೆ ಆಗ ಹದಿನೆಂಟು.
ಬೇಸಿಗೆಗೆ ಯಾರೋ ಶ್ರೀಮಂತರ ಮಕ್ಕಳಿಗೆ ಪಾಠ ಹೇಳಲು ಹೋಗಿ
ಅವರ ಊಟದ ಮೇಜಿನ ಮೇಲೆ ಬರೆದದ್ದಂತೆ.
ಮೊದಲ ಹಾಳೆಯ ಅಂಚಲ್ಲಿ ಚೆರ್ರಿ ಹಣ್ಣಿನ ಕಲೆ
(ನಮ್ಮದು ನಕಲು; ಕಲೆ ಬರೀ ಬೂದು).
ಆಮೇಲೆ ಹೆಸರಾಯಿತು, ಗಡ್ಡ ಬಂತು,
ಕೇಳಿದವರಿಗೆ ಅಂದನಂತೆ:
ಅದು ಹೀಚು, ಅದರ ಮಾತು ಬಿಡಿ.

ಹೀಚೇ. ಅಲ್ಲವೆನ್ನಲಾರೆ.
ಮೊದಲ ಭಾಗದಲ್ಲಿ ಅವನ ಮೂವರು ಮೇಷ್ಟರ ದನಿ,
ಅಳತೆಗೆ ಸರಿಯಿರದ ಎರವಲು ಅಂಗಿಗಳು.
ಒಂದು ಎಳೆ ರಾಗ ಹಿಡಿಸಿತೆಂದು ಐದು ಸಲ ಹೇಳುತ್ತಾನೆ,
ಐದನೆಯ ಸಲವೂ ಈಗಷ್ಟೇ ಸಿಕ್ಕಿದವನ ಮುಖದಲ್ಲಿ.
ಆದರೂ ಪಕ್ಕದ ತೋಟದ ಬೇಲಿ ಹಾರಿ
ಹೀಚು ಸೇಬು ಕಚ್ಚಿದವರಿಗೆ ಗೊತ್ತು,
ಹಲ್ಲು ಜುಮ್ಮೆನ್ನುವುದು ಹಣ್ಣಿನಲ್ಲಿ ಸಿಗುವುದಿಲ್ಲ.

ಎರಡನೆಯ ಸಾಲಿನಲ್ಲಿ ತಿಫೇನ್,
ಮೂವತ್ತು ವರ್ಷ ಸಿಂಪಿ ಬಿಡಿಸಿ ಗೀರುಬಿದ್ದ ಕೈ,
ಐದನೆಯ ಸಲಕ್ಕೆ ನಕ್ಕಳು:
ಮೊಮ್ಮಗ ಅದೇ ಕಥೆಯನ್ನು ಮತ್ತೆ ಶುರುಮಾಡಿದಾಗ ನಗುವ ಹಾಗೆ.
ಅವಳ ಹಿಂದೆ ನಿವೃತ್ತ ನೋಟರಿ ಮುಸ್ಯೂ ಲೆ ಗಾರೆಕ್
ಕಣ್ಣು ಮುಚ್ಚಿದ್ದರು. ನಿದ್ದೆ ಅಂದುಕೊಂಡೆ.
ಬೂಟಿನ ತುದಿ ಮಾತ್ರ ತಾಳ ತಪ್ಪದೆ ಮಿಡಿಯುತ್ತಿತ್ತು.

ನಿಧಾನದ ಭಾಗ. ಚೆಲ್ಲೋ ಒಂದೇ ಉಸಿರಲ್ಲಿ ಏರುವಾಗಲೇ
ಎಂಟೂ ಇಪ್ಪತ್ತರ ರೈಲು ಸೇತುವೆ ದಾಟಿತು.
ಕಿಟಕಿಯ ಗಾಜು ಗುಂಯ್‌ಗುಟ್ಟಿತು.
ಒಬ್ಬರೂ ಮುಖ ಸಿಂಡರಿಸಲಿಲ್ಲ.
ನಮ್ಮೂರಲ್ಲಿ ಮೌನವೆಂದರೆ ರೈಲೂ ಸೇರಿ.

ಕೊನೆಯ ಭಾಗದಲ್ಲಿ ಒಂದು ಹಾಳೆ ಇಲ್ಲ.
ಇಲಿಯೋ, ಒಲೆಯೋ, ಅವನೇ ಹರಿದನೋ.
ಪಂಡಿತರು ತುಂಬಿಕೊಟ್ಟ ಪ್ರತಿಯಿದೆ, ಮುದ್ರಣ ಚೆಂದ.
ಕೊರಾಂತಿನ್ ಒಪ್ಪಲಿಲ್ಲ:
ಅವನ ಬಾಯಿಗೆ ಬೇರೆಯವರ ಹಲ್ಲು ಯಾಕೆ?
ಹಾಗಾಗಿ ಅಲ್ಲೊಂದು ಬಿಳಿ ಹಾಳೆ ಇಟ್ಟಿದ್ದೆವು.

ಎದ್ದೆ. ಮಗುಚಿದೆ.
ಬಿಳಿ.
ಮೂವರೂ ಕೈ ಗಾಳಿಯಲ್ಲಿ ಹಿಡಿದು
ಒಳಗೊಳಗೇ ಎಣಿಸತೊಡಗಿದರು.

ಯಾರಿಗೂ ಮೊದಲೇ ಹೇಳಿರಲಿಲ್ಲ.
ಎರಡನೆಯ ಆವರ್ತಕ್ಕೆ ಒಬ್ಬ ಚಪ್ಪಾಳೆಗೆ ಕೈಯೆತ್ತಿ
ನಾಚಿ ಜೇಬಿಗೆ ಹಾಕಿಕೊಂಡ.
ನಾಲ್ಕಕ್ಕೆ ಕುರ್ಚಿಯೊಂದು ಕಿರುಗುಟ್ಟಿತು.
ಆಮೇಲೆ ಏನಾಯಿತೋ,
ಬಿದ್ದ ತೊಲೆಗೆ ಊರೇ ಹೆಗಲು ಕೊಟ್ಟಂತೆ
ನಲವತ್ತೇಳು ಜನ ಆ ಖಾಲಿಯನ್ನು ಹೊತ್ತು ಕೂತರು.
ತಿಫೇನಳ ತುಟಿ ಅಲುಗುತ್ತಿತ್ತು.
ಬೂಟಿನ ತುದಿ ನಿಂತಿರಲೇ ಇಲ್ಲ.
ನಾನು ಬಾಯಿಬಿಟ್ಟು ಅದನ್ನೇ ನೋಡುತ್ತ
ಹತ್ತಕ್ಕೆ ಏಳುವುದನ್ನು ಮರೆತೆ.

ಹನ್ನೊಂದು. ಕೊರಾಂತಿನ್ ತಾನೇ ಎಡಗೈ ಚಾಚಿ
ಹಾಳೆ ಸೆಳೆದ. ಎಡಗೈಯ ಒಂದು ಸ್ವರ ಹೋಯಿತು.
ಬಿಳಿ ಹಾಳೆ ಜಾರಿ ನನ್ನ ಕಾಲ ಬಳಿ ಬಿತ್ತು.

ಆಮೇಲೆ ಕಾಗದದ ಲೋಟದಲ್ಲಿ ಸೇಬಿನ ಮದ್ಯ.
ಎಲ್ಲರೂ ಒಬ್ಬರಿಗೊಬ್ಬರು ಗುನುಗಿ ತೋರಿಸುತ್ತಿದ್ದರು,
ಅಲ್ಲ ಹೀಗೆ, ಇಲ್ಲ ಹೀಗೆ,
ಒಬ್ಬರದು ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ.
ತಿಫೇನ್ ಮಾತ್ರ ಅಂದಳು:
ಪಾಪ, ಊಟಕ್ಕೆ ಮೇಜು ಬೇಕೆಂದು
ಮಗುವನ್ನು ಅರ್ಧಕ್ಕೇ ಎಬ್ಬಿಸಿರಬೇಕು.

ನೋಟರಿ ಕೋಟಿನ ಗುಂಡಿ ಹಾಕುತ್ತ ನನ್ನ ಹತ್ತಿರ ಬಂದರು.
ಹಳೇ ದಸ್ತಾವೇಜು ಓದುವ ದನಿಯಲ್ಲಿ:
'ಒಂದು ಸ್ವರ ಕಡಿಮೆ ಬಂತು, ಮಾದಮ್ವಾಸೆಲ್.'
ನಾನು ನೆಲ ನೋಡಿದೆ.
'ಚಿಂತೆಯಿಲ್ಲ,' ಅಂದರು, 'ನಾನು ಹಾಕಿಕೊಂಡೆ.'
ಛತ್ರಿ ಬಿಡಿಸಿ ಮೆಟ್ಟಿಲಿಳಿದರು.