ಒಂಬತ್ತನೆಯ ಪತ್ರ

ನಲವತ್ತೊಂದರಲ್ಲಿ ಒಂಬತ್ತನೆಯದು, ಅನ್ನುತ್ತದೆ.
ಮೂರು ದಿನದಿಂದ ಅದನ್ನೇ ಅನ್ನುತ್ತಿದೆ.
ಹಸಿರು ಪಟ್ಟಿ ಅರ್ಧ ಬೆರಳು ಬೆಳೆದು
ಅಲ್ಲೇ ನಿಂತು ನನ್ನ ಮುಖ ನೋಡುತ್ತದೆ.
ಆಮೇಲೆ ಒಂದು ಡಬ್ಬಿ: ಸರ್ವರ್ ಉತ್ತರಿಸುತ್ತಿಲ್ಲ.
ಕಾಯುವಿರಾ, ನಿಲ್ಲಿಸುವಿರಾ?
ಯಾದಗಿರಿಯ ಮೇ ತಿಂಗಳಲ್ಲಿ
ಇದು ಕೇಳುವ ಮಾತೇ?

ಪಡಸಾಲೆಯಲ್ಲಿ ಕೂತು ಲಗ್ನಪತ್ರಿಕೆ ಜೋಡಿಸುವವಳು ನಾನು.
ಅಕ್ಷರ ನನ್ನವು, ಮಶಿನ್ ಸ್ಟೇಷನ್ ರೋಡಿನವರದು.
ಮೊದಲು ಕೂಲರ್ ಆರಿಸಿದೆ, ವೋಲ್ಟೇಜ್ ಕುಡಿಯುತ್ತದೆಂದು.
ಅತ್ತೆ ಒಳಗಿನಿಂದ ಬೈದರು.
ಮೋಡೆಮ್ಮಿನ ವೈರು ಕಿತ್ತು, ಊದಿ, ಮತ್ತೆ ಚುಚ್ಚಿದೆ.
ಊದಿದರೆ ಏನಾಗುತ್ತದೋ ಯಾರಿಗೂ ಗೊತ್ತಿಲ್ಲ,
ಎಲ್ಲರೂ ಊದುತ್ತೇವೆ.
ಕೆಂಪು ದೀಪ ಹಸಿರಾಯಿತು. ಮತ್ತೆ ಒಂದರಿಂದ ಶುರು.
ರಾಯಚೂರಿನ ಕಾಗದದ ಶೇಠನ ಬಾಕಿ ಪಟ್ಟಿ
ಐದನೆಯ ಸಲ ಇಳಿಯಿತು,
ಐದು ಸಲ ಕೊಡಬೇಕೋ ಅನ್ನುವ ಹಾಗೆ.
ಎರಡು, ಮೂರು, ಏಳು, ಎಂಟು,
ಒಂಬತ್ತಕ್ಕೆ ಬಂದು ಉಸಿರು ಹಿಡಿಯಿತು.

ಮಧ್ಯಾಹ್ನ ಜಿಲಾನಿ ಬಂದ,
ತಲೆಗೆ ಒದ್ದೆ ಟವೆಲ್ಲು, ಕಿಸೆಯಲ್ಲಿ ಸ್ಕ್ರೂಡ್ರೈವರ್.
ಸ್ಕ್ರೂಡ್ರೈವರ್ ತೆಗೆಯಲೇ ಇಲ್ಲ.
ಬಾಗಿಲಲ್ಲಿ ಕೂತು ಬಂದ ಪತ್ರವನ್ನೆಲ್ಲ ಒಡೆದು ಮೂಸುತ್ತಿದ್ದ
ಆಂಟಿವೈರಸ್ಸನ್ನು ಅರ್ಧ ತಾಸು ಚಹಾಕ್ಕೆ ಕಳಿಸಿದ.
ಒಂದು ನಿಮಿಷದ ತಾಳ್ಮೆಯನ್ನು ಐದು ನಿಮಿಷಕ್ಕೆ ಎಳೆದ.
ತಾಳ್ಮೆಗೂ ಒಂದು ಜಾರುವ ಗುಂಡಿ ಇದೆಯಂತೆ,
ಸೆಟ್ಟಿಂಗ್ಸಿನ ಕೊನೆಯ ಹಾಳೆಯಲ್ಲಿ.
ಮದುವೆಯಾಗಿ ಹದಿನಾರು ವರ್ಷ, ನನಗೆ ಯಾರೂ ತೋರಿಸಿರಲಿಲ್ಲ.

ಆದರೂ ಒಂಬತ್ತು.

"ಅಕ್ಕಾ, ಕಂಪ್ಯೂಟರ್ ಕೆಟ್ಟಿಲ್ಲ, ಲೈನೂ ಕೆಟ್ಟಿಲ್ಲ.
ಮುಂದ ವಾಡಿ ಸಿಮೆಂಟಿನ ಗೂಡ್ಸ್ ನಿಂತದ.
ಹಿಂದ ನಿಮ್ಮ ಮೂವತ್ತೆರಡು ಪ್ಯಾಸೆಂಜರ್
ಔಟರ್ ಸಿಗ್ನಲ್‌ನ್ಯಾಗ ನೀರಿಲ್ಲದ ಕುಂತಾವ."
ಇನ್ನೊಂದು ಬಾಗಿಲಿಂದ, ಬ್ರೌಸರಿನಿಂದ, ಒಳಗೆ ಇಣುಕಿದ.
ಒಂಬತ್ತನೆಯದು ಇಪ್ಪತ್ತೆರಡು ಎಂ.ಬಿ.
ಗುರುಮಠಕಲ್ಲಿನ ಹಣಮಯ್ಯ ಮಾಸ್ತರರದು.
ಮಗಳು ಮಾಣಿಕೇಶ್ವರಿಯ ಫೋಟೋ, ಹನ್ನೊಂದು.
ಸಣ್ಣದು ಕಳಿಸಬ್ಯಾಡ್ರಿ, ಹಿಗ್ಗಿಸಿದರ ಮಸುಕಾಗ್ತದ,
ಅಂತ ಫೋನಿನಲ್ಲಿ ಹೇಳಿದವಳು ನಾನೇ.

"ಅಳಿಸಿಬಿಡಲೇನು?"
"ಬ್ಯಾಡೋ. ಪಕ್ಕಕ್ಕ ಸರಸು."

ಗೂಡ್ಸು ಲೂಪ್ ಲೈನಿಗೆ ಸರಿಯಿತು.
ತೊಗರಿ ಚೀಲದ ಹೊಲಿಗೆ ಬಿಚ್ಚಿದಂತೆ
ಮೂವತ್ತೆರಡೂ ಸುರಿದವು.
ಹುಣಸಗಿಯ ಶಾಂತಿ ಕಾರ್ಡಿನ ತಿದ್ದುಪಡಿ,
ಯಾರದೋ ಲಾಟರಿ ನನಗೆ ಹತ್ತಿದ್ದು,
ಕಾಗದದ ಶೇಠ ಮತ್ತೊಮ್ಮೆ, ಈಗ ಸ್ವಲ್ಪ ಗಟ್ಟಿ ದನಿಯಲ್ಲಿ.
ಮೂವತ್ತಾರನೆಯದು ಎರಡೇ ಕೆ.ಬಿ.
ಅದೇ ಮಾಸ್ತರರು. ಮೂರು ದಿನ ಹಳೆಯದು.

'ಕಾರ್ಡು ಹಾಕಬ್ಯಾಡ್ರಿ ತಾಯಿ.
ಹುಡುಗಿ ಒಲ್ಲೆ ಅಂದಾಳ. ನಾವೂ ಹೂಂ ಅಂದೀವಿ.
ಆದ ಖರ್ಚು ಹೇಳ್ರಿ, ಕೊಡ್ತೀನಿ.'

ಇಷ್ಟು ಹಗುರದ ಮಾತು
ಅಷ್ಟು ಭಾರದ ಮುಖಗಳ ಹಿಂದೆ ನಿಂತಿತ್ತು.
ಮೂರು ದಿನ ನಾನು ಬೈದದ್ದು ಯಾರನ್ನು?
ಫೋಟೋ ಇಳಿದಿದ್ದರೆ ಐನೂರು ಕಾರ್ಡು ಅಚ್ಚಾಗಿ,
ಅರಿಶಿನ ಹಚ್ಚಿಸಿಕೊಂಡು, ಅರ್ಧ ತಾಲೂಕು ತಿರುಗಿ ಬರುತ್ತಿದ್ದವು.
ಖರ್ಚು ಏನೂ ಆಗಿಲ್ಲರಿ, ಅಂತ ಬರೆದೆ.
ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು.

ಜಿಲಾನಿ ನೂರೈವತ್ತು ತಗೊಂಡು ಸೈಕಲ್ ಹತ್ತಿದ.
"ಆ ಒಂಬತ್ತು?"
"ಇರಲಿ."

ರಾತ್ರಿ ಸುಮ್ಮನೆ ಕೂಡಲಾಗಲಿಲ್ಲ.
ಇನ್ನೊಂದು ಬಾಗಿಲಿಂದ ಹೋಗಿ
ಹನ್ನೊಂದರಲ್ಲಿ ಒಂದನ್ನು ಒತ್ತಿದೆ.
ಮೇಲಿನಿಂದ ಗೆರೆಗೆರೆಯಾಗಿ ಇಳಿಯತೊಡಗಿತು:
ಸ್ಟುಡಿಯೋದ ನೀಲಿ ಪರದೆ,
ಎಣ್ಣೆ ಹಚ್ಚಿದ ಬೈತಲೆ,
ಅಗಲ ಹಣೆ, ಒಂದು ಹುಬ್ಬು ತುಸು ಮೇಲೆ.
ಒಲ್ಲೆ ಅಂದವಳ ಕಣ್ಣು ಹೇಗಿರುತ್ತವೋ
ಅಂತ ಕುರ್ಚಿಯ ತುದಿಗೆ ಜಾರಿದೆ.

ಕರೆಂಟು ಹೋಯಿತು.
ಯುಪಿಎಸ್ಸು ಒಂದೇ ಸಮ ಕೂಗತೊಡಗಿತು, ಮೋಡೆಮ್ಮು ಸತ್ತಿತ್ತು,
ಹುಬ್ಬಿನ ಕೆಳಗೆ ಬರೀ ಬೂದು.
ಮತ್ತೆ ಒತ್ತಲು ಹೋಗಲಿಲ್ಲ.

ಕತ್ತಲಲ್ಲಿ ಅತ್ತೆ ಬೀಸಣಿಗೆ ಹುಡುಕುತ್ತ ಕೇಳಿದರು:
"ಬಂತೇನವಾ ನಿನ್ನ ಟಪಾಲು?"

"ಬಂತ್ರಿ," ಅಂದೆ.