ಎರಡು ರಾಶಿ

ಮಳೆ ಬಂದ ಶನಿವಾರ ನನಗೆ ಎರಡು ರಾಶಿ.
ವಿರಾಮದಲ್ಲಿ ಬಿಚ್ಚಿದ್ದು ಒಂದು,
ಆಟ ಮುಗಿದ ಮೇಲೆ ಕಳಚಿ ಎಸೆದದ್ದು ಇನ್ನೊಂದು.
ನೆಬ್ರಾಸ್ಕದ ಪುಟ್ಟ ಕಾಲೇಜೊಂದರ ನೆಲಮಾಳಿಗೆಯಲ್ಲಿ
ಇಪ್ಪತ್ತಾರು ವರ್ಷದಿಂದ ಫುಟ್‌ಬಾಲ್ ಹುಡುಗರ ಅಂಗಿ ಒಗೆಯುತ್ತಿದ್ದೇನೆ.
ಹೆಸರು ವರ್ಲೀನ್. ಅವರು ಕರೆಯುವುದು ಮಿಸ್ ವೀ.

ಆಟ ನೋಡುವುದಿಲ್ಲ ನಾನು.
ಮೇಲೆ ಜನ ಹಲಗೆಗಳ ಮೇಲೆ ಕಾಲು ಬಡಿದಾಗ
ಸೂರಿನ ಕೊಳವೆಗಳು ಸಣ್ಣಗೆ ನಡುಗುತ್ತವೆ,
ಯಾರ ಕೈ ಮೇಲು ಎಂದು ಅಷ್ಟರಲ್ಲೇ ತಿಳಿಯುತ್ತದೆ.
ಉಳಿದದ್ದನ್ನು ಕೆಸರು ಹೇಳುತ್ತದೆ.

ಮೊದಲ ರಾಶಿ ನೋಡಿ:
ಕೆಸರೆಲ್ಲ ಎದೆಗೆ, ಮೊಣಕೈಗೆ,
ಹೊಟ್ಟೆಯ ಮೇಲೆ ಹುಲ್ಲಿನ ಹಸಿರು ಗೀರು.
ಮುನ್ನುಗ್ಗಿ ಬಿದ್ದವರು ಇವರು,
ಬಿದ್ದರೂ ಎದುರಾಳಿಯ ಮೇಲೆಯೇ ಬಿದ್ದವರು.

ಎರಡನೆಯದರಲ್ಲಿ ಕೆಸರು ಬೆನ್ನಿಗೆ.
ನಂಬರಿನ ಮೇಲೆಯೇ ಮೆತ್ತಿಕೊಂಡು
ತೊಂಬತ್ತನಾಲ್ಕೋ ಮೂವತ್ತೊಂದೋ ಗೊತ್ತಾಗದು.
ಕಂಕುಳಲ್ಲಿ ಹೊಲಿಗೆ ಬಿಟ್ಟಿರುತ್ತದೆ,
ಓಡಿಹೋದವನ ಹಿಂದೆ ಚಾಚಿದ ಕೈಗೆ
ಗಾಳಿ ಮಾತ್ರ ಸಿಕ್ಕಿದ್ದಕ್ಕೆ.

ಆರು ಪಂದ್ಯ.
ಪೂರ್ವಾರ್ಧದಲ್ಲಿ ಬಿಟ್ಟುಕೊಟ್ಟದ್ದು ಒಟ್ಟು ಹತ್ತೊಂಬತ್ತು ಅಂಕ,
ಉತ್ತರಾರ್ಧದಲ್ಲಿ ನೂರಾ ಹದಿನಾಲ್ಕು.
ಕೋಚ್ ಡುಫ್ರೇನ್ ಇದನ್ನು ಗೋಡೆಗೆ ಅಂಟಿಸಿ
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾನೆ.
ಕತ್ತಲೆ ಕೋಣೆಯಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ
ಇಲ್ಲಿ ಅರ್ಧ ಹೆಜ್ಜೆ ತಡ, ಇಲ್ಲಿ ಭುಜ ಎದ್ದಿತು ಎನ್ನುತ್ತಾನೆ.
ಆರಂಭಶೂರರು ಎನ್ನುತ್ತಾರೆ ಕ್ಷೌರದಂಗಡಿಯಲ್ಲಿ.
ಬಾಳೆಹಣ್ಣು ತಿನ್ನಿಸಿದರು, ಉಪ್ಪುನೀರು ಕುಡಿಸಿದರು,
ಪಾದ್ರಿಯನ್ನು ಕರೆಸಿದರು,
ಒಮ್ಮೆ ವಿರಾಮದಲ್ಲಿ ಒಂದು ಕುರ್ಚಿ ಮುರಿಯಿತು.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಬುಟ್ಟಿ ತೋರಿಸುತ್ತಿದ್ದೆ.
ಆಚೆ ಊರಿನ ಕಾಲೇಜಿನಲ್ಲಿ ಒಗೆಯುವ ಆರ್ಡೆಲ್ಲಾಗೆ
ಡಿಫೆನ್ಸಿನದೇ ಇಪ್ಪತ್ತೇಳು ಕೊಳೆ ಅಂಗಿ.
ನನಗೆ ಹನ್ನೆರಡು.
ವಾರ ವಾರವೂ ಅದೇ ಹನ್ನೆರಡು.
ಉಳಿದವು ಮೈದಾನಕ್ಕೆ ಹೋಗಿ
ಮಡಿಕೆಯ ಗೆರೆ ಸಮೇತ ಮರಳುತ್ತವೆ.

ತೊಂಬತ್ತನಾಲ್ಕು ಅಂದರೆ ಲೋಪೆಟಿ. ನಡುಗೋಡೆ.
ಟೊಂಗಾದವರ ಮಗ, ಬಾಗಿಲಿಗೆ ಅಡ್ಡ ನಿಂತರೆ ದೀಪ ಹಾಕಬೇಕು.
ಗುರುವಾರ ರಾತ್ರಿ ಟರ್ಕಿ ಕೋಳಿಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ
ನನ್ನ ಡ್ರೈಯರಿನ ಬಿಸಿಗೆ ಬೆನ್ನು ಕೊಟ್ಟು ಕೂರುತ್ತಾನೆ,
ಬರೀ ಬ್ರೆಡ್ಡು ತಿನ್ನುತ್ತಾನೆ.
ಒಮ್ಮೆ ಹೇಳಿದ:
"ಮೂರನೇ ಕ್ವಾರ್ಟರಿನಲ್ಲಿ ಮೈದಾನ ಉದ್ದ ಆಗುತ್ತೆ, ಮಿಸ್ ವೀ."
ಅಳೆದರೆ ನೂರೇ ಗಜವಲ್ಲವೇನೋ, ಎಂದೆ.
"ಅಳೆಯೋರು ಓಡಿರಲ್ಲ," ಎಂದು
ಬ್ರೆಡ್ಡಿನ ಅಂಚನ್ನು ಜೇಬಿಗೆ ಹಾಕಿಕೊಂಡ.

ನವೆಂಬರಿನಲ್ಲಿ, ಮಳೆಯೋ ಹಿಮವೋ ತೀರ್ಮಾನವಾಗದ ದಿನ,
ಏಳನೆಯ ಪಂದ್ಯ.
ವಿರಾಮ ಕಳೆದು ಎಷ್ಟು ಹೊತ್ತಾದರೂ
ಕೊಳವೆಗಳು ನಡುಗುತ್ತಲೇ ಇದ್ದವು.
ಸೋಪಿನ ಡಬ್ಬಿ ಕೈಯಲ್ಲಿ ಹಿಡಿದೇ ಕೇಳಿದೆ.
ಆಮೇಲೆ ಒಮ್ಮೆಲೇ ಏನೂ ಇಲ್ಲ.
ಕೊನೆಯ ನಿಮಿಷದಲ್ಲಿ ಅವರ ಹುಡುಗನೊಬ್ಬ,
ಅಂಗಿಗೆ ಒಂದು ಚುಕ್ಕೆ ಕೆಸರೂ ತಾಗದವನು,
ಚೆಂಡನ್ನು ಇವರೆಲ್ಲರ ಚಾಚಿದ ಕೈಗಳ ಮೇಲಿಂದ
ಕಂಬಗಳ ನಡುವೆ ಒದ್ದನಂತೆ.
ಒಂಬತ್ತಕ್ಕೆ ಹತ್ತು. ಸೋಲು.
ಉತ್ತರಾರ್ಧದಲ್ಲಿ ಬಿಟ್ಟುಕೊಟ್ಟದ್ದು ಆ ಮೂರೇ.

ಎರಡನೆಯ ರಾಶಿ ಬಂತು.
ಯಾರೂ ಎಸೆಯಲಿಲ್ಲ, ತಂದು ಇಟ್ಟರು.
ತೊಂಬತ್ತನಾಲ್ಕನ್ನು ಬಿಡಿಸಿ ಹಿಡಿದೆ:
ಬೆನ್ನಿನ ಅಂಕಿ ಬೆಳ್ಳಗೆ ಓದಲು ಬರುತ್ತಿತ್ತು,
ಎದೆ ಮಾತ್ರ ಗದ್ದದ ಪಟ್ಟಿಯಿಂದ ಅಂಚಿನವರೆಗೆ
ಒಂದೇ ಕಪ್ಪು.
ಅದರ ಕೆಳಗಿನದೂ ಹಾಗೆಯೇ. ಅದರ ಕೆಳಗಿನದೂ.

ಕರೆದು ತೋರಿಸೋಣವೆಂದರೆ
ಮೇಲೆ ಮೆಟ್ಟಿಲಲ್ಲಿ ಯಾರೋ ಅಳುತ್ತಿದ್ದರು,
ಡುಫ್ರೇನ್‌ನ ದನಿಯಂತಿತ್ತು.
ಸ್ವಲ್ಪ ಹೊತ್ತು ನಿಂತೆ.
ಆಮೇಲೆ ತಣ್ಣೀರು ಬಿಟ್ಟೆ;
ಬಿಸಿನೀರಿಗೆ ಈ ಕಲೆ ಕಚ್ಚಿಕೊಳ್ಳುತ್ತದೆ,
ಮಂಗಳವಾರಕ್ಕೆ ಒಣಗಿರಬೇಕು.