ಕುಸುಬಿ ಹಾಲು

ಇಪ್ಪತ್ತು ವರ್ಷ ತಾಳಿಕೋಟಿಗೆ ಹಾಲು ಹಾಕಿದಾಕಿ ನಾ.
ಅಳತಿಯೊಳಗ ಒಂದು ಹನಿ ನೀರಿಲ್ಲ.
ಈಗ ಅರ್ಧ ಬಟ್ಟಲ ಕುಡದರ
ಹೊಟ್ಟಿ ಡೊಳ್ಳು, ಓಣಿಗೆಲ್ಲ ಕೇಳೂ ಹಂಗ.

ಡಾಕ್ಟರು ಬರದದ್ದು ಒಂದ ಸಾಲು: ಹಾಲು ಬ್ಯಾಡ.
ಚೀಟಿ ಮಡಚಿ ಕುಬಸದಾಗ ಇಟಗೊಂಡೆ,
ಎಮ್ಮಿಗೆ ಕಾಣಬಾರದಂತ.

ವಿಜಾಪುರದಿಂದ ನೀಲಾಂಬಿಕಾ ತಂದ್ಲು
ಸೋಯಾದ ಡಬ್ಬಿ. ಅದೂ ಗುಡುಗಿತು.
ಬದಾಮಿ ಹಾಲು ಸುಮ್ಮನ ಇಳೀತು,
ರೇಟು ಕೇಳಿದ ಮ್ಯಾಲ ಅದೂ ಅರಗಲಿಲ್ಲ.

ಕಡೀಕ ಬಾಜೂ ಮನಿ ಮೌಲಾಬಿ ಅಂದ್ಲು:
"ಯವ್ವಾ, ಕುಸುಬಿ ಮರತಿ ಏನ?
ಹುಗ್ಗಿಗೆ ಹಾಕತಿದ್ದೆಲ್ಲ!"

ನೆನಸಿದೆ. ರುಬ್ಬಿದೆ.
ಹಳೇ ಧೋತರದ ತುಂಡಿನಾಗ ಹಿಂಡಿದೆ.
ಬೆಳ್ಳಗ ಇಳೀತು, ಕೆನಿ ಇಲ್ಲ,
ಹೊಲದ ವಾಸನಿ, ಒಂಚೂರು ಒಗರು.
ಚಾದಾಗ ಹಾಕಿದೆ, ಒಡೀತು.
ಬೆಲ್ಲ, ಯಾಲಕ್ಕಿ ಕೂಡಿಸಿ
ಉಗರಬೆಚ್ಚಗ ಕುಡದೆ.
ರಾತ್ರಿ ಹೊಟ್ಟಿ ಮಾತಾಡಲಿಲ್ಲ.

ಮುಂಜಾನೆ ಬಕೀಟ ಹಿಡಕೊಂಡು
ಎಮ್ಮಿ ಬಾಜೂಕ ಕುಂತೆ,
ಕಳುವು ಮಾಡಿದಾಕಿ ಹಂಗ.
ಅದು ಹೊಳ್ಳಿ ನನ್ನ ಕೈ ಮೂಸಿತು.
ತಾ ದಿನಾ ತಿನ್ನೂ ಹಿಂಡಿ ವಾಸನಿ
ಗುರ್ತು ಹಿಡದು
ನೆಕ್ಕಿತು.